ಸೇತುವೆಯ ಈಚೆಗಿನ ಮೂವತ್ತೆಂಟು ಮೀಟರ್

೧೪ನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ನೀನು ಬರೆದ ಮೂರು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಅದು ನಿನ್ನ ಹಕ್ಕು. ಕೆಲಸ ಜಾಸ್ತಿಯಿತ್ತು ಅಂತ ಸುಳ್ಳು ಹೇಳಬಹುದಿತ್ತು. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಅಷ್ಟೇ.

ಇಲ್ಲಿ ಎಲ್ಲರೂ ಕ್ಷೇಮ. ನನಗೆ ಈಚೆಗೆ ಮಂಡಿ ನೋವು ಶುರುವಾಗಿದೆ. ಡಾಕ್ಟರು "ದಿನಾ ಸ್ವಲ್ಪ ನಡೀರಿ" ಅಂದರು. ದಿನಕ್ಕೆ ಹತ್ತು ಕಿಲೋಮೀಟರ್ ಊರಿನ ರಸ್ತೆ ಅಳೆಯುತ್ತಾ ಚಕ್ರ ಉರುಳಿಸುವವನಿಗೆ ಈ ಬುದ್ಧಿವಾದ! ಮೊನ್ನೆ ಆಸ್ಪತ್ರೆ ರಸ್ತೆಯ ಫುಟ್‌ಪಾತ್ ಅಳೆಯುತ್ತಿದ್ದೆ. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ನಿಂತು, "ಏನಪ್ಪಾ, ಏನ್ ಬೀಳಿಸ್ಕೊಂಡೆ? ಬೆಳಗ್ಗೆಯಿಂದ ನೆಲ ನೋಡ್ಕೊಂಡೇ ಓಡಾಡ್ತಿದ್ದೀಯ" ಅಂದರು. "ಜನ ನಡೆಯೋಕೆ ಎಲ್ಲೆಲ್ಲಿ ಕಷ್ಟ ಅಂತ ಬರ್ಕೊಳ್ತಿದ್ದೀನಿ ಅಜ್ಜಿ" ಅಂದೆ. "ಅಯ್ಯೋ, ಅದಕ್ಕೆ ಚಕ್ರ ಯಾಕೋ? ನನ್ನ ಕೇಳು" ಎಂದು ಆ ಪುಣ್ಯಾತ್ಗಿತ್ತಿ ಕಿತ್ತ ಚಪ್ಪಡಿ, ಬಾಯ್ತೆರೆದ ಚರಂಡಿ, ದಾರಿಗಡ್ಡ ನೆಟ್ಟ ಕಂಬ ಎಲ್ಲವನ್ನೂ ಬೆರಳು ಮಡಚಿ ಹೇಳಿದರು. ನನ್ನ ಹಾಳೆಯಲ್ಲಿ ಅದರ ಅರ್ಧವೂ ಇರಲಿಲ್ಲ. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಇನ್ನು ಮುಖ್ಯ ವಿಷಯ. ಸೇತುವೆಯ ಈಚೆ ತುದಿಯಲ್ಲಿ ಸೈಕಲ್ ದಾರಿ ಕಡಿದುಹೋಗಿದ್ದ ಆ ಮೂವತ್ತೆಂಟು ಮೀಟರ್ ಸೋಮವಾರ ಪೂರ್ತಿಯಾಯಿತು. ಎರಡು ವರ್ಷ ಹಿಡಿಯಿತು ನೋಡು. ನಮ್ಮ ದೊಡ್ಡ ಇಂಜಿನಿಯರು, "ಐವತ್ತು ಹೆಜ್ಜೆ ತಾನೇ, ಜನ ಅಡ್ಜಸ್ಟ್ ಮಾಡ್ಕೋತಾರೆ ಬಿಡ್ರೀ" ಅಂದಾಗ ಮೇಜಿನ ಮೇಲೆ ಫೈಲು ಕುಕ್ಕಿ, "ಆ ಐವತ್ತು ಹೆಜ್ಜೆಯಲ್ಲೇ ಲಾರಿ ಬಡಿದು ನಮ್ಮ ಭಾವ ಹೋದ್ರು ಸಾರ್" ಅಂದಿದ್ದೆ. ಈಗ ಲಾರಿಗೂ ಸೈಕಲ್ಲಿಗೂ ನಡುವೆ ಮೊಣಕಾಲೆತ್ತರದ ಗೋಡೆಯಿದೆ. ನಿನ್ನೆ ಬೆಳಗ್ಗೆ ಅಲ್ಲಿ ನಿಂತು ಎಣಿಸಿದೆ. ಒಂದು ಗಂಟೆಯಲ್ಲಿ ಇನ್ನೂರ ಹನ್ನೆರಡು ಸೈಕಲ್. ಒಬ್ಬರೂ ಹೆದರಿ ಕೆಳಗಿಳಿಯಲಿಲ್ಲ. ಭಾವ ಇದ್ದಿದ್ದರೆ ಇನ್ನೂರ ಹದಿಮೂರಾಗುತ್ತಿತ್ತು ಎನ್ನಿಸಿ, ನಡುರಸ್ತೆ ಅನ್ನುವುದನ್ನೂ ಮರೆತು ಅತ್ತುಬಿಟ್ಟೆ.

ಭಾನುವಾರದ ಕಾರ್ಯಕ್ರಮದಲ್ಲಿ ಟೇಪು ಕತ್ತರಿಸಲು ನಿನ್ನನ್ನೇ ಕರೆದಿದ್ದಾರಂತೆ. "ನೀನು ಪಕ್ಕದಲ್ಲಿ ನಿಂತರೆ ಮಾತ್ರ ಬರ್ತೀನಿ, ಈ ದಾರಿ ಆಗಿದ್ದೇ ನಿನ್ನಿಂದ" ಎಂದು ಬರೆದಿದ್ದೀಯ. ಇದ್ದರೆ ಇಂಥ ತಮ್ಮ ಇರಬೇಕು ಅಂತ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದೀಯಂತೆ. ನಿನ್ನ ದಮ್ಮಯ್ಯ ಅಕ್ಕಾ, ಹಾಗೆ ಹೇಳಬೇಡ. ನಾನು ಬರುವುದಿಲ್ಲ. ನೀನು ಮಗಳನ್ನು ಕರೆದುಕೊಂಡು ಹೋಗು.

ಮೂರು ಕಾಗದದಲ್ಲೂ ನಿನ್ನದು ಒಂದೇ ಪ್ರಶ್ನೆ. "ಹದಿನೆಂಟು ವರ್ಷ ಗೋದಾಮಿನ ಹಿಂದಿನ ಓಣಿಯಲ್ಲೇ ಸುತ್ತಿಕೊಂಡು ಪ್ರೆಸ್ಸಿಗೆ ಹೋಗ್ತಿದ್ದ ಮನುಷ್ಯ, ಅವತ್ತು ಸೇತುವೆ ದಾರಿ ಯಾಕೆ ಹಿಡಿದ್ರೋ? ಅದೊಂದು ಗೊತ್ತಾದ್ರೆ ನನಗೆ ನಿದ್ದೆ ಬರುತ್ತೆ." ಇದಕ್ಕೆ ಉತ್ತರ ಬರೆಯಲೆಂದೇ ಕೂತವನು ಮಂಡಿ, ಅಜ್ಜಿ, ಇಂಜಿನಿಯರು ಎಂದು ಊರೆಲ್ಲ ಸುತ್ತಿ ಬಂದೆ. ಇವತ್ತಿಗೆ ಇಷ್ಟೇ ಸಾಕು.

ಮಗಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ನೂರು ವರ್ಷ ಸುಖವಾಗಿ ಬಾಳಲಿ. ಅಪ್ಪನ ಹಾಗೆ ಬೈಂಡಿಂಗ್ ಅಂಟಿನ ಕೈಯನ್ನು ನಿನ್ನ ಸೆರಗಿಗೆ ಮಾತ್ರ ಒರೆಸದಿರಲಿ. ನೀನು ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ ನಿನ್ನ
ತಮ್ಮ

ತಾ.ಕ.: ಮರೆತು ಬಿಟ್ಟಿದ್ದಲ್ಲ ಇದು, ಬರೆಯಲಾಗದೆ ಬಿಟ್ಟಿದ್ದು. ಲಕೋಟೆ ಅಂಟಿಸಿ ಮತ್ತೆ ಹರಿದೆ. ದಾರಿಯನ್ನು ಕಾಲಿನಲ್ಲಿ ನಡೆದೇ ಅಳೆಯಬೇಕು, ಅದು ನಮ್ಮ ಕೆಲಸದ ಮೊದಲನೇ ನಿಯಮ. ಭಾವ ಹೋಗುವ ಮೊದಲು, ಊರಿನ ಸೈಕಲ್ ದಾರಿಗಳ ನಕ್ಷೆಗೆಂದು ಅಳೆಯುವಾಗ, ಸೇತುವೆಯ ಭಾಗವನ್ನು ನಾನು ಜೀಪಿನಲ್ಲಿ ಕೂತು ನೋಡಿದೆ. ಬಿಸಿಲು ಜೋರಾಗಿತ್ತು, ಬೇರೆ ಕಾರಣವಿಲ್ಲ. ಸೇತುವೆಯ ಮೇಲೆ ಸೈಕಲ್ ದಾರಿ ಕಂಡಿತು, ಇಳಿದ ಮೇಲೆ ಮುಂದಿನ ರಸ್ತೆಯಲ್ಲೂ ಕಂಡಿತು. ನಡುವೆ ಇಲ್ಲದ್ದು ಓಡುವ ಜೀಪಿನಿಂದ ಕಾಣಲಿಲ್ಲ. "ಎಲ್ಲೂ ಕಡಿದಿಲ್ಲ" ಎಂದು ಬರೆದು ಸಹಿ ಹಾಕಿದೆ. ಆ ನಕ್ಷೆ ಅಚ್ಚಿಗೆ ಹೋಗಿದ್ದು ಭಾವನ ಪ್ರೆಸ್ಸಿಗೇ. ಅವರೇ ಅದನ್ನು ಮಡಿಸುತ್ತಾ ನನಗೆ ಫೋನ್ ಮಾಡಿದರು. "ಏನಯ್ಯಾ, ಸೇತುವೆ ಉದ್ದಕ್ಕೂ ಸೈಕಲ್ ದಾರಿ ಅಂತ ನೀಲಿ ಗೆರೆ ಎಳೆದಿದ್ದೀಯ, ನಂಬಬಹುದಾ?" "ನಾನೇ ಅಳೆದಿದ್ದು ಭಾವ, ಕಣ್ಮುಚ್ಕೊಂಡು ಹೋಗಿ" ಅಂದೆ. ಮಾರನೆಯ ಬೆಳಗ್ಗೆ ಅವರು ಓಣಿಗೆ ತಿರುಗಲಿಲ್ಲ. ನನ್ನ ಮಾತು ನಂಬಿದರು ಅಕ್ಕಾ. ಅದಕ್ಕೇ ಆ ದಾರಿ ಹಿಡಿದರು.