ಸಂತೆ ದಿನದ ಹೆರಳು

೨೮-೧೨-೧೯೭೮, ಗುರುವಾರ

ಗುರುಶಾಂತಮ್ಮ ಗಂಡ ದಿವಂಗತ ದೌಲತರಾಯ ಮಾಲಿಪಾಟೀಲ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಕನ್ನಡ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆ. ಸೇವೆ ಮೂವತ್ತಮೂರು ವರ್ಷ.

ಹೊಸ ವಹಿಯ ಮೊದಲ ಪುಟದಲ್ಲಿ ಇಷ್ಟನ್ನು ಬರೆಯದೆ ಕೈ ಮುಂದೆ ಸಾಗುವುದಿಲ್ಲ. ಓದುವವರು ಯಾರೂ ಇಲ್ಲ. ಆದರೂ.

ಎಂದಿನಂತೆ ಬೆಳಿಗ್ಗೆ ಏಳಕ್ಕೆ ಹೋಮಿಗೆ. ಅಫಜಲಪುರದ ಹೊರಗಿನ ಈ ಅನಾಥಾಲಯವನ್ನು ಊರೆಲ್ಲ ಹೋಮ್ ಎಂದೇ ಕರೆಯುತ್ತದೆ, ನಡೆಸುವುದು ಚರ್ಚು. ನನ್ನ ಕೊರಳಲ್ಲಿ ಲಿಂಗವಿದೆ. ಅಕ್ಷರ ಕಲಿಸಲು ಯಾರ ಕೊರಳೂ ನೋಡಬೇಕಾಗಿಲ್ಲವೆಂದು ಹೋಗುತ್ತೇನೆ. ಸಂಬಳವಿಲ್ಲ; ಬೇಡವೆಂದವಳು ನಾನೇ.

ಕಾಗುಣಿತ ಹೇಳಿಸಿದೆ. ತುಳಜಾ ಇಂದೂ 'ಶ' ಎಂಬುದನ್ನು ಸರಿಯಾಗಿ ನುಡಿದಳು. ಆರು ವರ್ಷದ ಕೂಸು. ಇಡೀ ವರ್ಗದಲ್ಲಿ ಅವಳೊಬ್ಬಳೇ.

ಸಂತೆಯ ದಿನವಾದ್ದರಿಂದ ಸಕ್ಕುಬಾಯಿ ಬಂದಿದ್ದಳು. ಮುಂದಿನ ಬಾಗಿಲಿನಿಂದಲ್ಲ, ಅಡುಗೆಮನೆಯ ಹಿಂದಿನಿಂದ. ಅಡುಗೆಯ ಅಮೀರುನ್ನಿಸಾ ಬಾಗಿಲು ತೆಗೆದಳು. ತುಳಜಾ ಓಡಿಹೋಗಿ ಬೆನ್ನು ತಿರುಗಿಸಿ ಕುಳಿತಳು. ಪ್ರತಿ ಸಂತೆಗೂ ಇದೇ. ಕೊಬ್ಬರಿ ಎಣ್ಣೆ, ಹಣಿಗೆ, ಕೆಂಪು ರಿಬ್ಬನ್ನು. ಹೆರಳು ಎಷ್ಟು ಬಿಗಿಯೆಂದರೆ ಮುಂದಿನ ಸಂತೆಯವರೆಗೆ ಒಂದು ಎಳೆಯೂ ಸಡಿಲವಾಗದು. ಮಾತು ಕಡಿಮೆ. ನಾಳೆ ಎಳ್ಳ ಅಮಾವಾಸ್ಯೆ. ಸಜ್ಜೆಯ ಕಡಬು ತಂದಿದ್ದಳು.

ಸಕ್ಕುಬಾಯಿಯೇ ಇವಳ ತಾಯಿ. ಇಜೇರಿಯಲ್ಲಿ ಮೊದಲ ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ. ತೌರಿನವರು ಗೊಬ್ಬೂರಿನ ಹುಲೆಪ್ಪನಿಗೆ ಉಡಿಕೆ ಮಾಡಿಕೊಟ್ಟರು. ಉಡಿಕೆಯಾದ ಹೆಣ್ಣು ಮೊದಲ ಮನೆಯ ಕೂಸನ್ನು ಎರಡನೆಯ ಮನೆಗೆ ಒಯ್ಯುವಂತಿಲ್ಲ. ಮುಖ ನೋಡಲೂ ಹೋಗಬಾರದೆಂದು ಹುಲೆಪ್ಪನ ಮನೆಯ ಕರಾರು. ಇಜೇರಿಯ ದೊಡ್ಡಪ್ಪಂದಿರು ತಂದೆತಾಯಿ ಇಬ್ಬರೂ ಇಲ್ಲವೆಂದು ಹೇಳಿ ಹೋಮಿನಲ್ಲಿ ಬಿಟ್ಟುಹೋದರು.

ಸೂಪರಿಂಟೆಂಡೆಂಟ್ ದೇವೀಂದ್ರಪ್ಪನವರಿಗೆ ಇದೆಲ್ಲ ಗೊತ್ತು. ಇಂದು ಮಾತ್ರ ಗಂಟು ಮೋರೆ.

"ಅಕ್ಕೋರ, ನಾಕೈದ ದಿನ ಕಳದ್ರ ಅಮೆರಿಕಾದ ಚರ್ಚಿನವರು ಸೇವಾಕ್ಕ ಬರ್ತಾರ. ಅವರು ಇರೋತನಕ ಹಿಂದಿನ ಬಾಗಿಲ ಬಂದ್ ರಿ."

"ಯಾಕ್ರಿ?"

"ಅನಾಥಾಲಯದಾಗ ಅವ್ವಗೋಳು ಓಡ್ಯಾಡಿದ್ರ ಹ್ಯಾಂಗ ಕಾಣ್ತದ್ರಿ?"

೩-೧-೧೯೭೯, ಬುಧವಾರ

ಬಂದರು. ಎರಡು ಜೀಪು. ಪಾಸ್ಟರು ಒಬ್ಬರು, ಹುಡುಗ ಹುಡುಗಿಯರು ಕೆಲವರು, ನಡುವಯಸ್ಸಿನ ದಂಪತಿ: ಕ್ಯಾರಲ್, ಡೇಲ್. ಬಿಸಿಲಿಗೆ ಎಲ್ಲರ ಮೂಗೂ ಕೆಂಪು. ದುಷ್ಟರಲ್ಲ. ಬಂದ ಕ್ಷಣದಿಂದ ದುಡಿಯುತ್ತಿದ್ದಾರೆ. ಬೇಡವೆಂದರೂ ನಿಲ್ಲಿಸುವುದಿಲ್ಲ.

ಗೋಡೆಗಳಿಗೆಲ್ಲ ಆಕಾಶನೀಲಿ ಬಳಿದರು. ನನ್ನ ಕರಿಹಲಗೆ ಗೋಡೆಯದೇ ಭಾಗ, ಅದಕ್ಕೂ ಬಳಿದರು. ಮೇಲೆ ಹಳದಿ ನಕ್ಷತ್ರ. ನಾನು ನಿಂತು ನೋಡಿದೆ. ಒಬ್ಬ ಹುಡುಗಿ ಕೈ ಕುಲುಕಿ "ನೈಸ್?" ಎಂದಳು.

ಅಮೀರುನ್ನಿಸಾ: "ನಕ್ಷತ್ರದ ಮ್ಯಾಗ ಬರೀರಿ ಅಕ್ಕೋರ. ಸುಣ್ಣದ ಕಡ್ಡಿ ಎಲ್ಲಿ ಹತ್ತತದ ನೋಡೋಣ."

ನಗಲಿಲ್ಲ. ಪಾಠ ಬೇವಿನ ಗಿಡದ ಕೆಳಗೆ.

೪-೧-೧೯೭೯, ಗುರುವಾರ

ಬೆಳಿಗ್ಗೆ ಎಲ್ಲ ಹೆಣ್ಣುಮಕ್ಕಳನ್ನೂ ಸಾಲಾಗಿ ಕೂರಿಸಿ ತಲೆ ಬೋಳಿಸಿದರು. ಪೂರ್ತಿ ಬೋಳಲ್ಲ, ಗಂಡುಹುಡುಗರಂತೆ ಮೋಟು. ಹೇನಿಗಾಗಿ. ಕತ್ತರಿ, ಶಾಂಪೂ, ಪ್ರತಿಯೊಬ್ಬಳಿಗೂ ಒಂದು ಮಿಠಾಯಿ. ಕ್ಯಾರಲ್ ತುಳಜಾಳ ಹೆರಳನ್ನು ಬಿಚ್ಚಲು ಬಹಳ ಹೊತ್ತು ಒದ್ದಾಡಿ, ಕೊನೆಗೆ ಹಾಗೆಯೇ ಕತ್ತರಿಸಿದಳು.

ಹಿಂದಿನ ಬಾಗಿಲಿಗೆ ಬೀಗ. ಸಕ್ಕುಬಾಯಿ ಹೊರಗೆ ನಿಂತಳು. ಅಮೀರುನ್ನಿಸಾ ಕಿಟಕಿಯಿಂದ ಕೂಸನ್ನು ಎತ್ತಿ ತೋರಿಸಿದಳು. ಕೂಸು ನಗುತ್ತ ಮಿಠಾಯಿ ತೋರಿಸಿತು.

"ಯಾರು ಸತ್ತಾರ್ರಿ? ಯಾರು ಸತ್ತಾರಂತ ತಲಿ ತೆಗದೀರಿ?"

ಸ್ವಚ್ಛತೆಗಾಗಿ ಎಂದೆ. ಹಣಿಗೆಯನ್ನು ಸೆರಗಿಗೆ ಗಂಟು ಹಾಕಿ ಹೋದಳು. ತಿರುಗಿ ನೋಡಲಿಲ್ಲ.

೯-೧-೧೯೭೯, ಮಂಗಳವಾರ

ಇಂದು ತಿಳಿಯಿತು. ಈ ಐದು ದಿನ ಕ್ಯಾರಲ್ ತುಳಜಾಳನ್ನು ಸೊಂಟದ ಮೇಲಿಂದ ಇಳಿಸದಿರುವುದಕ್ಕೆ ಕಾರಣವಿದೆ. ಅವಳ ಫೋಟೋವನ್ನು ಹೋದ ವರ್ಷವೇ ಕಳಿಸಿದ್ದಾರೆ. ದಂಪತಿ ಬಂದಿರುವುದೇ ಅವಳನ್ನು ಒಯ್ಯಲು. ಗುಲ್ಬರ್ಗಾ ಕೋರ್ಟಿನಲ್ಲಿ ಅರ್ಜಿಯೂ ಹೋಗಿದೆ: ತಂದೆತಾಯಿ ಇಬ್ಬರೂ ಮೃತರು ಎಂದು.

ಆಫೀಸಿಗೆ ಹೋಗಿ ಕೇಳಿದೆ.

"ಇಲ್ಲಿದ್ದು ಏನಾಗ್ತದ್ರಿ ಅಕ್ಕೋರ? ಹದಿನಾಲ್ಕಕ್ಕ ಯಾರಿಗೋ ಕಟ್ಟೋದು. ಅಲ್ಲಿ ಓದ್ತಾಳ, ಉಣ್ತಾಳ. ನೀವು ಇಷ್ಟ ವರ್ಷ ಎಷ್ಟ ಹುಡುಗ್ಯಾರಿಗಿ ಕಲಿಸೀರಿ? ಎಷ್ಟ ಮಂದಿ ಏನಾಗ್ಯಾರ ಹೇಳ್ರಿ."

"ತಾಯಿ ಬದುಕ್ಯಾಳ."

"ಬಂದು ಹೇಳ್ಯಾಳೇನ್ರಿ ಒಂದ ದಿನರೆ? ಹಿಂದಿನ ಬಾಗಿಲಿಂದ ಬರೋದು ತಾಯ್ತನ ಏನ್ರಿ?"

ಬೇವಿನ ಗಿಡದ ಕೆಳಗೆ ಪಾಠಕ್ಕೆ ಹೋದೆ.

೧೦-೧-೧೯೭೯, ಬುಧವಾರ

ನನ್ನ ಇಂಗ್ಲಿಷು ಓದಲು ಮಾತ್ರ. ಮಾತನಾಡಿದವಳಲ್ಲ; ತಪ್ಪು ಮಾತನಾಡುವುದಕ್ಕಿಂತ ಮೌನ ಲೇಸೆಂದು ಇದ್ದವಳು. ಇಂದು ಒಂದು ವಾಕ್ಯವನ್ನು ರಚಿಸಿ, ಪರೀಕ್ಷಿಸಿ, ಬಾಯಿಪಾಠ ಮಾಡಿಕೊಂಡು ಹೋಗಿ ಕ್ಯಾರಲ್ ಎದುರು ನಿಂತೆ.

"ದಿಸ್ ಚೈಲ್ಡ್ ಹ್ಯಾಸ್ ಎ ಮದರ್."

ಅವಳ ಮುಖದ ಬಣ್ಣ ಇಳಿಯಿತು. ಕುಳಿತುಬಿಟ್ಟಳು. ಅತ್ತಳು. ನಂತರ ಬಿಡಿಬಿಡಿಯಾಗಿ, ನನಗೆ ತಿಳಿಯುವಂತೆ ಹೇಳಿದಳು: ಆಕೆಯನ್ನು ಕರೆತನ್ನಿ, ಆಕೆ ತಾನೇ ತಾಯಿ ಅಂದರೆ ನಾವು ಒಯ್ಯುವುದಿಲ್ಲ. ಡೇಲ್ ಕೂಡ ತಲೆಯಾಡಿಸಿದ.

ಒಳ್ಳೆಯ ಜನ. ಬರೆದಿಡುತ್ತೇನೆ. ಇನ್ನು ಬೇಕಾಗಿರುವುದು ಸಕ್ಕುಬಾಯಿಯ ಒಂದು ಮಾತು.

೧೧-೧-೧೯೭೯, ಗುರುವಾರ

ಸಂತೆ. ಬಾಗಿಲ ಬೀಗವನ್ನು ನಾನೇ ತೆಗೆಸಿದ್ದೆ. ಸಕ್ಕುಬಾಯಿ ಬರಲಿಲ್ಲ.

೧೩-೧-೧೯೭೯, ಶನಿವಾರ, ರಾತ್ರಿ

ಬಸ್ಸಿನಲ್ಲಿ ಗೊಬ್ಬೂರಿಗೆ ಹೋಗಿಬಂದೆ.

ಹುಲೆಪ್ಪನ ಮನೆಯ ಕಟ್ಟೆಯ ಮೇಲೆ ನೆರೆಯವರೂ ಸೇರಿ ಸೀತನಿ ತಿನ್ನುತ್ತಿದ್ದರು. ಸುಟ್ಟ ಎಳೆಜೋಳದ ವಾಸನೆ. ಎದ್ದು ನಿಂತು ಮರ್ಯಾದೆ ಮಾಡಿದ. "ಬರ್ರಿ ಅಕ್ಕೋರ, ಕೂಡ್ರಿ. ನಮ್ಮ ತಂಗಿಗಿ ಕಲಿಸಿದವರು ನೀವು. ಸೀತನಿ ತಿನ್ರಿ."

ಕೂಡಲಿಲ್ಲ. ಬಂದ ಕೆಲಸವನ್ನು ನಿಂತೇ ಹೇಳುವುದು ನನ್ನ ರೂಢಿ. ಮುಚ್ಚುಮರೆ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ, ಹಿಂದೆ ಕುಳಿತವರಿಗೂ ಕೇಳುವಂತೆ ಹೇಳಿದೆ. ಹೋಮಿನಲ್ಲಿರುವ ಕೂಸು ನಿನ್ನ ಹೆಂಡತಿಯದು. ಸಂತೆಗೊಮ್ಮೆ ಅವಳು ಬಂದು ತಲೆ ಹಿಕ್ಕಿ ಹೆರಳು ಹಾಕುತ್ತಾಳೆ. ಆ ಕೂಸನ್ನು ಪರದೇಶಕ್ಕೆ ಒಯ್ಯುತ್ತಿದ್ದಾರೆ. ಅವಳು ಬಂದು ಒಂದು ಮಾತು ಹೇಳಬೇಕು.

ಸೀತನಿ ತಿಕ್ಕುತ್ತಿದ್ದ ಕೈಗಳು ನಿಂತವು. ಹುಲೆಪ್ಪನ ತಾಯಿ ಒಳಗೆ ತಿರುಗಿ ಕೂಗಿದಳು: "ಸಂತಿಗಿ ಹೋಗ್ತೀನಿ, ಉಳ್ಳಾಗಡ್ಡಿ ತರ್ತೀನಿ ಅಂತಿದ್ದೆಲ್ಲ ಬೇ... ಇದಕ್ಕೇನು?"

ಸಕ್ಕುಬಾಯಿ ಬಾಗಿಲಲ್ಲಿದ್ದಳು. ಬಗಲಲ್ಲಿ ಹಾಲು ಕುಡಿಯುವ ಗಂಡುಕೂಸು. ನನ್ನನ್ನೇ ನೋಡಿದಳು.

"ಖರೆ ಏನು ಬೇ?" ಹುಲೆಪ್ಪ ಕೇಳಿದ. ಅವಳು ನೆಲ ನೋಡಿದಳು.

ಅವನು ಬಹಳ ಮೆಲ್ಲಗೆ ಅಂದ: "ಬರ್ತೇವ್ರಿ ಅಕ್ಕೋರ. ಸಂತಿ ದಿನ. ಇಬ್ಬರೂ ಬರ್ತೇವಿ."

ಗಂಡನೇ ಕರೆತರುತ್ತೇನೆ ಎಂದ ಮೇಲೆ ಇನ್ನೇನು ಬೇಕು. ನಾನು ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸತ್ಯವನ್ನು ಎದುರಿಗೇ ಹೇಳಿದರೆ ಜನ ಒಪ್ಪುತ್ತಾರೆ. ಬಸ್ಸಿನಲ್ಲಿ ಹಗುರವೆನಿಸಿತು.

೧೮-೧-೧೯೭೯, ಗುರುವಾರ

ಬಂದರು.

ಮುಂದಿನ ಬಾಗಿಲಿನಿಂದಲೇ. ವರಾಂಡದಲ್ಲಿ ಪಾಸ್ಟರು, ಕ್ಯಾರಲ್, ಡೇಲ್, ದೇವೀಂದ್ರಪ್ಪ. ಹುಲೆಪ್ಪ ಹೊಸ ರುಮಾಲು ಸುತ್ತಿದ್ದ. ಸಕ್ಕುಬಾಯಿಯ ಕೆಳತುಟಿ ಬಾತಿತ್ತು. ಗಂಡುಕೂಸನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು.

ತುಳಜಾ ಅವಳನ್ನು ಕಂಡು ಕ್ಯಾರಲ್‌ಳ ಕೈ ಬಿಡಿಸಿಕೊಂಡು ಓಡಿದಳು. ಹತ್ತಿರ ಹೋಗಿ, ತಿರುಗಿ, ಬೆನ್ನು ಕೊಟ್ಟು ಕೆಳಗೆ ಕುಳಿತಳು. ತಲೆ ತಗ್ಗಿಸಿದಳು. ಆ ಮೋಟು ಕೂದಲಿಗೆ ಹೆರಳು ಹಾಕಿಸಿಕೊಳ್ಳಲು.

ಎಲ್ಲರೂ ನೋಡಿದರು. ಅರ್ಥವಾಗದವರು ಯಾರಿದ್ದರು? ಕ್ಯಾರಲ್ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಗೆದ್ದೆನೆಂದುಕೊಂಡೆ.

"ಹೇಳ್ ಬೇ," ಎಂದ ಹುಲೆಪ್ಪ.

"ಈ ಹುಡುಗಿ ನನಗ ಗುರ್ತಿಲ್ರಿ."

"ಪೂರಾ ಹೇಳು."

"ನನಗ ಇದೊಂದೇ ಕೂಸ್ರಿ. ಗಂಡಸಮಗ."

ದೇವೀಂದ್ರಪ್ಪನವರು ಅದನ್ನು ಇಂಗ್ಲಿಷಿಗೆ ತಂದರು. ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ಯಾರಲ್ ನನ್ನತ್ತ ತಿರುಗಿದಳು. "ಶಿ ಈಸ್..." ಎಂದೆ. ಮುಂದಿನ ಶಬ್ದಗಳನ್ನು ನಾನು ಸಿದ್ಧಪಡಿಸಿಕೊಂಡಿರಲಿಲ್ಲ. ಸಕ್ಕುಬಾಯಿ ಸುಳ್ಳು ಹೇಳಬಹುದೆಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹುಲೆಪ್ಪ, ಸಕ್ಕುಬಾಯಿ ಹೋದರು. ಗೇಟು ದಾಟಿದ ಮೇಲೂ ಕೂಸು ಎದ್ದಿರಲಿಲ್ಲ, ತಲೆ ಎತ್ತಿರಲಿಲ್ಲ. ಅಮೀರುನ್ನಿಸಾ ಬಂದು ಎತ್ತಿಕೊಂಡು ಒಳಗೆ ಹೋದಳು.

೨೮-೧-೧೯೭೯, ಭಾನುವಾರ

ಗುಂಪು ಹೊರಟುಹೋಯಿತು. ದಂಪತಿ ಗುಲ್ಬರ್ಗಾದಲ್ಲಿ ಕೋರ್ಟಿನ ತಾರೀಖಿಗಾಗಿ ಇದ್ದಾರೆ. ಕೂಸೂ ಅವರ ಜೊತೆ. ಹೊರಡುವ ಮೊದಲು ಕ್ಯಾರಲ್ ನನ್ನ ಕೈ ಹಿಡಿದು ಏನೋ ಹೇಳಿದಳು. ನನ್ನನ್ನು ಕ್ಷಮಿಸಿದ್ದಾಳೆಂದು ದೇವೀಂದ್ರಪ್ಪ ತಿಳಿಸಿದರು.

ನಿನ್ನೆ ಇಜೇರಿಗೆ ಹೋಗಿದ್ದೆ. ದೊಡ್ಡಪ್ಪಂದಿರು ಬಾಗಿಲಿಗೆ ಬರಲಿಲ್ಲ. ಹೆರಿಗೆ ಮಾಡಿಸಿದ ಮುದುಕಿ ಸಿಕ್ಕಳು. "ನೂರಾರು ತೆಗದೀನವ್ವಾ ಈ ಕೈಯಾಗ. ಯಾವ್ದು ಯಾರ್ದು ಅಂತ ಹೇಳ್ಲಿ?" ಬಾಯಿಬಿಡಬಾರದೆಂದು ಯಾರೋ ಹೇಳಿದ್ದಾರೆ. ಕಣ್ಣು ಹೇಳುತ್ತಿತ್ತು.

ನೀಲಿ ಗೋಡೆಯ ಮೇಲೆ ಸುಣ್ಣದ ಕಡ್ಡಿ ಹತ್ತುವುದಿಲ್ಲ.

೬-೨-೧೯೭೯, ಮಂಗಳವಾರ

ಕೋರ್ಟಿನಲ್ಲಿ ಆಯಿತಂತೆ. ಆಕ್ಷೇಪಣೆ ಸಲ್ಲಿಸಿದವರು ಯಾರೂ ಇರಲಿಲ್ಲ.

ನಾನು ಸಲ್ಲಿಸಬಹುದಿತ್ತು. ಯಾವ ಆಧಾರದ ಮೇಲೆ? ಒಂದು ಕೂಸು ಬೆನ್ನು ತಿರುಗಿಸಿ ಕುಳಿತದ್ದನ್ನು ಕಂಡೆನೆಂದೇ?

೧೨-೨-೧೯೭೯

ಗುಲ್ಬರ್ಗಾದಿಂದ ಮುಂಬಯಿ ಮೇಲ್. ರಾತ್ರಿ. ಕೂಸೂ ಸೇರಿ ಮೂವರು.

೧೫-೨-೧೯೭೯, ಗುರುವಾರ

ಮಧ್ಯಾಹ್ನ ಅಡುಗೆಮನೆಯ ಹಿಂದೆ ಸಕ್ಕುಬಾಯಿ. ಒಬ್ಬಳೇ. ಹಣಿಗೆ, ಎಣ್ಣೆಯ ಶೀಷೆ, ಹೊಸ ರಿಬ್ಬನ್ನು.

"ಕೂದಲ ಜರಾ ಬೆಳದಿರಬೇಕಲ್ರಿ ಅಕ್ಕೋರ?"

ಹೇಳಬೇಕಾಯಿತು. ಅಮೀರುನ್ನಿಸಾ ಒಲೆಯ ಕಡೆ ಮುಖ ತಿರುಗಿಸಿದಳು, ನಾನೇ ಹೇಳಿದೆ.

ಮೆಟ್ಟಿಲ ಮೇಲೆ ಕುಳಿತಳು. ಅಳಲಿಲ್ಲ.

"ಇಷ್ಟ ಜಲ್ದಿ ಒಯ್ತಾರಂತ ಯಾರೂ ಹೇಳ್ಲಿಲ್ರಿ."

"ನೀನೇ ಗುರ್ತಿಲ್ಲ ಅಂದ್ಯಲ್ಲ ಬೇ. ಅಷ್ಟು ಜನದ ಮುಂದೆ."

"ನೀವೂ ಅಷ್ಟ ಜನದ ಮುಂದನೇ ಹೇಳಿದ್ರಿ, ಅಕ್ಕೋರ. ಕಟ್ಟಿಮ್ಯಾಗ. ನನಗ ಒಬ್ಬಾಕಿಗಿ ಹೇಳಿದ್ರ ನಾ ಹ್ಯಾಂಗರೆ ಮಾಡಿ ಬರ್ತಿದ್ದೆ. ಹಿಂದಿನ ಬಾಗಿಲಿಂದ ಬಂದು ಆ ಅಮೆರಿಕಾದಾಕಿ ಕಾಲ ಹಿಡೀತಿದ್ದೆ." ಹಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿದಳು. "ಅವತ್ತ ಅಂವ ಬಗಲಾಗಿನ ಕೂಸಿನ ಮ್ಯಾಗ ಆಣಿ ಹಾಕಿಸಿದ್ದ್ರಿ. ನೀ ಹೌದಂದ್ರ ಇದನ್ನೂ ಕಸಗೊಂಡು ಹೊರಗ ಹಾಕ್ತೀನಿ ಅಂತ."

ಹೀಗಿರುವಾಗ ಕೈಗೆ ಕೆಲಸ ಕೊಡುವುದೊಂದೇ ನನಗೆ ಗೊತ್ತಿರುವ ದಾರಿ. ಈಗಲಾದರೂ ಹೇಳಿಕೆ ಕೊಡು, ಬರೆದುಕೊಳ್ಳುತ್ತೇನೆ, ಜಡ್ಜ್ ಸಾಹೇಬರಿಗೆ ಕಳಿಸುತ್ತೇನೆ, ಹೆಬ್ಬೆಟ್ಟು ಹಾಕು ಎಂದೆ. ನನ್ನನ್ನು ನೋಡಿದಳು. ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಕಾಗದ, ಮಸಿಯ ಪ್ಯಾಡು ತರಲು ಆಫೀಸಿಗೆ ಹೋದೆ. ಹಾಳೆ ಗೆರೆಯುಳ್ಳದ್ದೇ ಇತ್ತು, ಬಿಳಿಯದನ್ನು ಹುಡುಕಿದೆ.

ಬಂದಾಗ ಮೆಟ್ಟಿಲ ಮೇಲೆ ಹಣಿಗೆ ಇತ್ತು. ಅಷ್ಟೇ.

ರಾತ್ರಿ

ಮುಂದಿನ ಸಂತೆಗೆ ಬರಬಹುದು. ಬರುವುದಿಲ್ಲ. ಆದರೂ ಅರ್ಜಿ ಸಿದ್ಧವಿರಬೇಕು. ಕರಡು ಮುಗಿಸಿದೆ. ಒಂದೂ ಕಾಟು ಹೊಡೆದಿಲ್ಲ. ಕೊನೆಯ ಭಾಗವನ್ನು ಇಲ್ಲಿ ನಕಲು ಮಾಡಿಡುತ್ತೇನೆ.

...ಆದ್ದರಿಂದ ಸದರಿ ಮಗುವಿನ ತಾಯಿ ಜೀವಂತವಿರುವಳೆಂಬುದನ್ನು ಸನ್ನಿಧಾನದ ಗಮನಕ್ಕೆ ತರಬಯಸುತ್ತೇನೆ.

ಇದರೊಡನೆ ಲಗತ್ತಿಸಿರುವ ಕಾಗದಪತ್ರಗಳು:

೧. ಅರ್ಜಿದಾರಳ ಸೇವಾ ಪ್ರಮಾಣಪತ್ರದ ನಕಲು.

೨. ಮಗು ತುಳಜಾಬಾಯಿಯ ಶುದ್ಧಬರಹದ ಹಾಳೆ, ಒಂದು.

೩. ತಾಯಿ ಸಕ್ಕುಬಾಯಿಯ ಹೇಳಿಕೆ, ಹೆಬ್ಬೆಟ್ಟಿನ ಗುರುತಿನೊಡನೆ. (ಬರಬೇಕಾಗಿದೆ.)