ನದಿಯಂಚಿನ ಹಳೆಯ ಹೆದ್ದಾರಿ

ಪ್ರಿಯ ರಾಯ್ಸ್,

ಬರುತ್ತೇನೆಂದು ಬರೆದಿದ್ದೀಯ, ದಾರಿ ತಿಳಿಸುತ್ತೇನೆ. ನೀನು ಲಾರಿ ಹತ್ತಿ ಹೊರಟುಹೋದ ಓಹಿಯೊ ನದಿಯಂಚಿನ ಹೆದ್ದಾರಿಯನ್ನು ಮರುವರ್ಷವೇ ಮುಚ್ಚಿದರು. ನಂಬರಿನ ಫಲಕವನ್ನೂ ಕಿತ್ತೊಯ್ದರು. ಈಗ ಎಲ್ಲರೂ ಓಡಾಡುವುದು ಗುಡ್ಡದಾಚೆಯ ಹೊಸ ಹೆದ್ದಾರಿಯಲ್ಲಿ. ಅಲ್ಲಿಂದ ಇಳಿದು, ಪ್ರುವಿಟ್‌ನ ಪೆಟ್ರೋಲ್ ಬಂಕ್ ಇದ್ದಲ್ಲಿ ಎಡಕ್ಕೆ ತಿರುಗು. ಬಂಕ್ ಈಗಿಲ್ಲ, ಪಕ್ಕದ ಸೇಬಿನ ಮರ ಇದೆ. ಮುಂದೆ ಕಾಂಕ್ರೀಟ್ ದಿಮ್ಮಿ ಅಡ್ಡ ಇಟ್ಟಿದ್ದಾರೆ. ಗಾಡಿ ಅಲ್ಲೇ ನಿಲ್ಲಿಸಿ ನಡೆದು ಬಾ. ಡಾಂಬರೆಲ್ಲ ಹುಲ್ಲು. ದಿಮ್ಮಿಯಿಂದ ನಮ್ಮ ಬಾಗಿಲವರೆಗೆ ಮಾತ್ರ ನಾನು ಗುಡಿಸಿಟ್ಟಿರುತ್ತೇನೆ.

ನಾನು ಇದನ್ನು ಬರೆಯುವುದನ್ನು ನೋಡಿ ನಿನ್ನಮ್ಮ, "ಹೋಗೋವಾಗ ದಾರಿ ಗೊತ್ತಿತ್ತಲ್ಲ ಅವನಿಗೆ!" ಅಂದರು.

ಹೊಸ ಹೆದ್ದಾರಿಯಿಂದ ನಮ್ಮ ಮನೆ ಕಾಣುವುದಿಲ್ಲ. ಇಷ್ಟು ವರ್ಷ ನೀನು ಬಾರದಿದ್ದುದಕ್ಕೆ ಅದೇ ಕಾರಣವೆಂದು ಮಗಳಿಗೆ ಹೇಳಿದ್ದೇನೆ. ಅವಳು ಕೇಳಿದರೆ ನೀನೂ ಹಾಗೆಯೇ ಹೇಳು.

ನಿನ್ನ,
ಲೊರೀನಾ