ಮೇಣದ ಮುಖಕ್ಕೆ ಮೊದಲ ಚಪ್ಪಾಳೆ

ಅಕ್ಟೋಬರ್ 19, ಶನಿವಾರ, ಸಂಜೆ

ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಇಂದು ಮಧ್ಯಾಹ್ನ, ನಮ್ಮೂರು ಹಾಲ್ವರ್ ಲೇಕಿನ ಏಕೈಕ ಚಿತ್ರಮಂದಿರಕ್ಕೆ, 'ಹೊರಗಿನ ತಿಂಡಿ ತರಬಾರದು' ಎಂಬ ಬೋರ್ಡಿನ ಕಣ್ಣೆದುರೇ, ಓವರ್‌ಕೋಟಿನ ಒಳಜೇಬಿನಲ್ಲಿ ಒಂದು ಕಟ್ಟು ಲೆಫ್ಸೆ ಸಾಗಿಸಿದೆ. ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿದ ಆಲೂಗಡ್ಡೆ ರೊಟ್ಟಿ. ಮಾಡಿದವಳು ಆರ್ಲಿಸ್. ನನ್ನ ಹೆಂಡತಿ, ಆದ್ದರಿಂದ ಸಹ-ಆರೋಪಿ. ಟ್ರೇಲರ್‌ಗಳು ಮುಗಿಯುವಷ್ಟರಲ್ಲಿ ಸಾಕ್ಷ್ಯ ನಾಶ ಸಂಪೂರ್ಣ.

ಅದಕ್ಕಿಂತ ದೊಡ್ಡ ಅಪರಾಧ ತೆರೆಯ ಮೇಲಿತ್ತು. ಸೂಪರ್‌ಹೀರೋ ಚಿತ್ರ. ನಾಯಕ 'ರಾತ್ರಿ ಕೊಕ್ಕರೆ' ಎಂಬವನು. ಮಳೆಯಲ್ಲಿ ನೆನೆಯುತ್ತಾನೆ, ಇಲ್ಲವೇ ಸತ್ತ ಅಪ್ಪನನ್ನು ನೆನೆಯುತ್ತಾನೆ, ಬೇರೆ ಕೆಲಸವಿಲ್ಲ. ಖಳ ಟ್ಯಾಲೋ. ಕರಗಿದ ಮೇಣದ ಮುಖ, ತೊಟ್ಟಿಕ್ಕುವ ಗಲ್ಲ. ನಾಯಕನಿಗೆ ಬರೀ ಕೊಳೆ, ಕಳೆಯೆಲ್ಲ ಖಳನಿಗೆ. ಜನರನ್ನು ಕುರ್ಚಿಗೆ ಕಟ್ಟಿ ಮೇಲಿಂದ ಬಿಸಿ ಮೇಣ ಸುರಿಯುತ್ತಾನೆ. 'ಉಸಿರು ಹಿಡ್ಕೋ, ಮುಗಿದೋಗುತ್ತೆ' ಎಂದು ತಾಯಿಯಂತೆ ಹೇಳುತ್ತಾನೆ. ಥಿಯೇಟರ್ ಕಿಸಕ್ಕೆನ್ನುತ್ತದೆ. ಅಸಹ್ಯ.

ಚಿತ್ರ ಅರ್ಧಕ್ಕೆ ಬಂದಾಗ ಶಾಲೆಯ ಸಂಗೀತ ಟೀಚರ್ ಒಬ್ಬರ ಸರದಿ. ಮೇಣ ಸುರಿದ. ತೆರೆ ಪೂರ್ತಿ ಕಪ್ಪಾಯಿತು. ಸದ್ದೇ ಇಲ್ಲ. ಆ ಕತ್ತಲಲ್ಲಿ ಒಂದು ಚಪ್ಪಾಳೆ! ಮೊದಲು ಒಂದೇ. ಆಮೇಲೆ ಇಡೀ ಥಿಯೇಟರ್.

ಎದ್ದೆ. ಕೋಟು ತೊಟ್ಟೆ. ಹೊರನಡೆದೆ. ಇಡೀ ಊರಿನಲ್ಲಿ ಎದ್ದವನು ನಾನೊಬ್ಬನೇ. ಜೊತೆಗೆ ಬಂದಿದ್ದ ವೆಂಡೆಲ್, ಅಂದರೆ ಆರ್ಲಿಸಳ ತಮ್ಮ, ಕೂತೇ ಇದ್ದ.

ಅಕ್ಟೋಬರ್ 22, ಮಂಗಳವಾರ

ಊರಿಗೆ ಟ್ಯಾಲೋ ಹಿಡಿದಿದೆ. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಅಜ್ಜನೊಬ್ಬ ಚಿಲ್ಲರೆ ಕೊಡುತ್ತ 'ಉಸಿರು ಹಿಡ್ಕೋ' ಎಂದ. ಎಂಬತ್ತು ದಾಟಿದವನು! ಅವನೇ ಉಸಿರು ಹಿಡಿದುಕೊಂಡಿರಬೇಕಾದ ವಯಸ್ಸು. ಬೇಕರಿಯಲ್ಲಿ ಕರಗಿದ ಮುಖದ ಬಿಸ್ಕತ್ತು. ಐಸಿಂಗ್ ಗಲ್ಲದಿಂದ ಇಳಿಯುತ್ತಿದೆ. ಒಬ್ಬ ತಾಯಿ ಅದನ್ನು ಮಗುವಿನ ಬಾಯಿಗಿಟ್ಟು ಫೋಟೋ ತೆಗೆದಳು. ಕಾಲೇಜಿನಲ್ಲಿ ನನ್ನ ದುರಂತ ನಾಟಕದ ಪಾಠಕ್ಕೆ ಆಕಳಿಸುವ ಹುಡುಗರೆಲ್ಲ ಗಲ್ಲಕ್ಕೆ ಮೊಂಬತ್ತಿ ಹನಿಸಿಕೊಂಡು ಬಂದಿದ್ದರು. ಕೀಳುವಾಗ ಚರ್ಮವೂ ಬಂತಂತೆ. ಬರಲಿ. ಒಳಗೆ ಏನಾದರೂ ಇದೆಯೋ ಗೊತ್ತಾಗುತ್ತದೆ.

ಅಕ್ಟೋಬರ್ 24, ಗುರುವಾರ

ವಾರಪತ್ರಿಕೆಯಲ್ಲಿ ನನ್ನ ಅಂಕಣ ಬಂತು. 'ಪ್ರೇಕ್ಷಕರೋ, ಭಕ್ಷಕರೋ?' ಟ್ಯಾಲೋನನ್ನು ಬಿಟ್ಟೆ. ಅವನಿಗೆ ಸಂಬಳ ಕೊಟ್ಟಿದ್ದಾರೆ. ಹಿಡಿದದ್ದು ಆ ಮೊದಲ ಚಪ್ಪಾಳೆಯವನನ್ನು. ಒಬ್ಬ ಟೀಚರ್ ಉಸಿರುಗಟ್ಟಿದಾಗ ಖುಷಿಪಟ್ಟ ಆ ಎರಡು ಕೈ ಯಾರವು? ಆತ ನಮ್ಮ ನಡುವೆ ಇದ್ದಾನೆ, ನಮ್ಮ ಮಕ್ಕಳ ನಡುವೆ ಇದ್ದಾನೆ. ಕೊನೆಗೆ ನನ್ನ ನಿರ್ಗಮನ, ವಿನಯಪೂರ್ವಕವಾಗಿ, ಎರಡು ಪ್ಯಾರಾ.

ಇಡೀ ದಿನ ಫೋನು. ಧೈರ್ಯವಂತ ಎಂದರು. ಅಲ್ಲ ಅನ್ನಲು ಪುರಸೊತ್ತಾಗಲಿಲ್ಲ.

ಅಕ್ಟೋಬರ್ 27, ಭಾನುವಾರ

ಚರ್ಚಿನ ನೆಲಮಾಳಿಗೆ. ಪ್ರಾರ್ಥನೆಯ ನಂತರದ ಕಾಫಿ. ನನ್ನ ಅಂಕಣದ್ದೇ ಮಾತು. ಚಪ್ಪಾಳೆ ಎಡಗಡೆಯ ಹಿಂದಿನ ಸಾಲಿನಿಂದ ಕೇಳಿಸಿತೆಂದು ಮಿಸೆಸ್ ಎಂಗೆಬ್ರೆಟ್ಸನ್ ಹೇಳಿದರು. ಆ ಸಾಲಿನಲ್ಲಿ ಇದ್ದದ್ದು ಇಬ್ಬರೇ. ಒಬ್ಬ ಪ್ರತಿಭಟಿಸಿ ಎದ್ದುಹೋದ. ಉಳಿದವನು ವೆಂಡೆಲ್. ಯಾರೂ ಅವನ ಹೆಸರೆತ್ತಲಿಲ್ಲ. ಇಲ್ಲಿ ಹೆಸರೆತ್ತುವುದಿಲ್ಲ. ಎಲ್ಲರೂ ತಂತಮ್ಮ ಕಾಫಿಯ ಒಳಗೆ ನೋಡಿದರು, ಅಷ್ಟೇ.

ವೆಂಡೆಲ್ ಲೋಟ ಕೆಳಗಿಟ್ಟ. "ಬಹುಶಃ ನಾನೇ ಇರ್ಬೇಕು," ಎಂದ. "ಕ್ಷಮಿಸಿ. ಎಲ್ರಿಗೂ ತೊಂದ್ರೆ ಆಯ್ತು."

ಮಿನ್ನೆಸೋಟಾದ ರೋಗ ಇದು. ಕಾಲು ತುಳಿಸಿಕೊಂಡವನೇ ಸಾರಿ ಕೇಳುತ್ತಾನೆ. ಎದುರಿನವರಿಗೆ ಮುಜುಗರವಾದೀತು ಎಂದು ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಜನ. ಅದನ್ನು ನೋಡುತ್ತ ನಿಂತೆ. ಚಾಕೊಲೇಟ್ ಬಾರ್ ಒಂದನ್ನು ತಿಂದೆ. 

ನವೆಂಬರ್ 6, ಬುಧವಾರ

ಬರೆಯಲು ಮನಸ್ಸಾಗಿರಲಿಲ್ಲ.

ಚರ್ಚಿನಲ್ಲಿ ವೆಂಡೆಲ್ ಕಲಿಸುತ್ತಿದ್ದ ಮಕ್ಕಳ ಕೈಗಂಟೆ ವಾದ್ಯ ತಂಡವನ್ನು ಅವನಿಂದ ತೆಗೆದುಕೊಂಡರು. 'ತೆಗೆದುಕೊಂಡರು' ಎಂದು ಯಾರೂ ಹೇಳಿಲ್ಲ. ಈ ಕ್ರಿಸ್‌ಮಸ್‌ಗೆ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ ಎಂದರಂತೆ. ಟೀಚರ್ ಸಾಯುವಾಗ ಚಪ್ಪಾಳೆ ತಟ್ಟುವವನ ಕೈಗೆ ಮಕ್ಕಳನ್ನು ಹೇಗೆ ಬಿಡುವುದು ಎಂದು ಇಬ್ಬರು ತಂದೆತಾಯಂದಿರು ಕೇಳಿದ್ದರಂತೆ. ನನ್ನದೇ ವಾಕ್ಯ. ಅಲ್ಪಸ್ವಲ್ಪ ಬದಲಾವಣೆ ಮಾತ್ರ.

ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಹಿತ್ತಾಳೆಯ ಕೈಗಂಟೆಗಳು, ಅವನ್ನು ಹಿಡಿದ ಆ ಪುಟ್ಟ ಬಿಳಿ ಕೈಗವಸುಗಳು, ಇಷ್ಟೇ ಅವನ ಡಿಸೆಂಬರ್. ಕೈಗವಸುಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ ವಾಪಸು ಕೊಟ್ಟನಂತೆ. ಇಸ್ತ್ರಿ!

ಆರ್ಲಿಸ್ ಮೂರು ದಿನದಿಂದ ನನ್ನೊಡನೆ ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದಾಳೆ. ಇದಕ್ಕಿಂತ ಕೆಟ್ಟದ್ದು ನಮ್ಮ ಮನೆಯಲ್ಲಿ ಆಗಿಲ್ಲ.

ನವೆಂಬರ್ 9, ಶನಿವಾರ, ಮಧ್ಯಾಹ್ನ

ವೆಂಡೆಲ್ ಮನೆಗೆ ಹೋದೆ. ಎಲೆ ಗುಡಿಸುತ್ತಿದ್ದ. ಗುಡಿಸಿಯಾಗಿದ್ದ ಅಂಗಳವನ್ನೇ ಮತ್ತೆ. ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ಯಾರೋ ಒಬ್ರು ಒಪ್ಕೋಬೇಕಿತ್ತಲ್ಲ ಲೆಸ್ಟರ್. ಎಲ್ರೂ ಕಾಫಿ ಕುಡಿಯೋದೇ ನಿಲ್ಸಿಬಿಟ್ಟಿದ್ರು."

"ಆದ್ರೆ ಹೊಡೆದವನು ನೀನಲ್ಲ."

"ಗೊತ್ತು," ಎಂದ. "ನಿನ್ನ ಮೊಣಕೈ ನನಗೆ ತಾಗ್ತಿತ್ತು."

 ಬೈಯಲಿಲ್ಲ. ಹವಾ ತಣ್ಣಗಾಯಿತು, ಟೋಪಿ ಹಾಕಿಕೊಳ್ಳಬೇಕಿತ್ತು ನೀನು ಎಂದ.

ಸರಿ. ಯಾರೂ ಓದದ ಈ ಪುಟಕ್ಕೂ ಸುಳ್ಳು ಬರೆದೆ. ಮೊದಲ ಚಪ್ಪಾಳೆ ನನ್ನದು. ಊರಿನ ಮೇಲೆ ಇಷ್ಟು ದಿನ ಕಾರಿದ್ದನ್ನೆಲ್ಲ ಒಟ್ಟು ಮಾಡಿದರೂ ಕನ್ನಡಿಯಲ್ಲಿ ಕಾಣುವವನ ಪಾಲಿಗೆ ಅದು ಸಾಲದು. ಬಿಸ್ಕತ್ತಿನ ಮುಖವೇ ವಾಸಿ. ಅದು ಕರಗಿದ್ದನ್ನು ಮುಚ್ಚಿಡುವುದಿಲ್ಲ.

ನವೆಂಬರ್ 10, ಭಾನುವಾರ

ಹೇಳಿದೆ. ನೆಲಮಾಳಿಗೆಯಲ್ಲಿ, ಎಲ್ಲರೆದುರು, ಎದ್ದು ನಿಂತು. ಚಪ್ಪಾಳೆ ನನ್ನದು, ವೆಂಡೆಲ್‌ನದಲ್ಲ, ಗಂಟೆಗಳನ್ನು ಅವನಿಗೆ ಕೊಡಿ.

ಯಾರೂ ನಂಬಲಿಲ್ಲ.

ಪಾಸ್ಟರ್ ರಗ್ನಾ ನನ್ನ ಭುಜ ತಟ್ಟಿದರು. "ಭಾವಮೈದನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರ. ಎಂಥ ಮನಸ್ಸು ನಿಮ್ದು." ಮಿಸೆಸ್ ಎಂಗೆಬ್ರೆಟ್ಸನ್ ಕಣ್ಣೊರೆಸಿಕೊಂಡರು. ತಟ್ಟೆಗೆ ಇನ್ನೆರಡು ಚಾಕೊಲೇಟ್ ಬಾರ್ ಬಿದ್ದವು. ಚಪ್ಪಾಳೆ ಹೊಡೆದವನು ಚಪ್ಪಾಳೆಗೇ ಸಿಟ್ಟಾಗಿ ಎದ್ದುಹೋಗುತ್ತಾನೆಯೇ ಎಂದು ಯಾರೋ ತರ್ಕ ಮಾಡಿದರು. ಒಳ್ಳೆಯ ತರ್ಕ. ನನ್ನ ವಿದ್ಯಾರ್ಥಿಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಊರಿನ ಕಣ್ಣಲ್ಲಿ ಈಗ ನಾನು ಇನ್ನೂ ದೊಡ್ಡವನು. ವೆಂಡೆಲ್ ಇನ್ನೂ ಸಣ್ಣವನು. ಸತ್ಯ ಹೇಳಿ ಅವನನ್ನು ಇನ್ನೊಂದು ಮೆಟ್ಟಿಲು ಕೆಳಗೆ ನೂಕಿದೆ. ಥೂ.

ಕಾರಿನಲ್ಲಿ ಆರ್ಲಿಸ್ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. "ಅರ್ಧ ಹೇಳಿದ್ರೆ ಹೀಗೇ," ಎಂದಳು. "ಯಾಕೆ ಹೊಡೆದೆ ಅನ್ನೋದನ್ನೂ ಹೇಳು."

ಅವಳಿಗೂ ಗೊತ್ತು. ಅವರದು ಮಾತು ಕಡಿಮೆಯಾದ ಮನೆತನ; ಹೇಳದೆಯೂ ಎಲ್ಲ ಹೇಗೆ ತಿಳಿಯುತ್ತದೋ.

ನವೆಂಬರ್ 13, ಬುಧವಾರ, ಸಂಜೆ

ನಾಳೆ ಗಂಟೆ ತಂಡದ ಮೊದಲ ಅಭ್ಯಾಸ. ಹೊಸಬರೊಬ್ಬರನ್ನು ಗೊತ್ತುಮಾಡಿದ್ದಾರೆ. ಇಂದೇ ಆಗಬೇಕು. ಕಾಲೇಜಿನಿಂದ ನೇರ ಪಾಸ್ಟರ್ ಮನೆಗೆ ಹೋದೆ.

ಕಾಫಿ ಕೊಟ್ಟರು. ಬೇಡವೆಂದೆ. ಮತ್ತೆ ಕೇಳಿದರು. ಬೇಡವೆಂದೆ. ಮೂರನೆಯ ಸಲ ತೆಗೆದುಕೊಂಡೆ. ಆಮೇಲೆ ಒಂದೇ ಉಸಿರಿಗೆ ಶುರು ಮಾಡಿದೆ.

"ನಿದ್ದೆ ಹೋಗಿದ್ದೆ, ಪಾಸ್ಟರ್. ಟೀಚರ್‌ನ ಕುರ್ಚಿಗೆ ಕಟ್ಟಿದ್ದಷ್ಟೇ ಗೊತ್ತು. ಉಳಿದಿದ್ದೆಲ್ಲ ಟಿಕೆಟ್ ಕೊಡೋ ಹುಡುಗಿ ಬಾಯಲ್ಲಿ ಆಮೇಲೆ ಕೇಳಿದ್ದು. ಎಚ್ಚರ ಆದಾಗ ಪರದೆ ಕಪ್ಪು, ಎಲ್ಲ ಸುಮ್ನೆ ಕೂತಿದ್ದಾರೆ. ಇಷ್ಟು ಕಷ್ಟಪಟ್ಟು ಸಿನಿಮಾ ಮಾಡಿದ್ದಾರೆ, ಯಾರೂ ಚಪ್ಪಾಳೆ ಹೊಡೀತಿಲ್ಲವಲ್ಲ, ಪಾಪ ಅನ್ನಿಸ್ತು. ಹೊಡೆದೆ. ನಮ್ಮೋರು ಗೊತ್ತಲ್ಲ, ಒಬ್ನೇ ಹೊಡೀತಿದ್ದಾನೆ, ಬೇಜಾರಾಗುತ್ತೆ ಅಂತ ಎಲ್ರೂ ಸೇರ್ಕೊಂಡ್ರು."

ಪಾಸ್ಟರ್ ನಗಲಿಲ್ಲ. ನಗದಿರಲು ಬಹಳ ಕಷ್ಟಪಟ್ಟರು. ಎದ್ದು ವೆಂಡೆಲ್‌ಗೆ ಫೋನ್ ಮಾಡಿದರು. ನಾಳೆ ನಾಲ್ಕಕ್ಕೆ ಬರಬೇಕು, ಕೈಗವಸು ಇಲ್ಲೇ ಇವೆ ಎಂದರು. ಆ ಕಡೆಯಿಂದ ಅವನು ಸಾರಿ ಕೇಳಿದ್ದು ನನಗೂ ಕೇಳಿಸಿತು. ಅಂಕಣದಲ್ಲಿ ಇದನ್ನೆಲ್ಲ ಬರೆಯುತ್ತೇನೆಂದು ಮಾತು ಕೊಟ್ಟೆ. ಬಾಗಿಲವರೆಗೆ ಬಂದರು. ನನಗೆ ಏನನ್ನಾದರೂ ಉಳಿಸಿ ಕಳಿಸಬೇಕು ಅನ್ನಿಸಿರಬೇಕು, ಒಳ್ಳೆಯ ಹೆಂಗಸು.

"ಇರ್ಲಿ ಲೆಸ್ಟರ್. ಆಮೇಲಾದ್ರೂ ಎದ್ದು ಹೋದ್ರಲ್ಲ. ಆ ಪ್ರತಿಭಟನೆ ನಿಮ್ದೇ ತಾನೆ?"

ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಹೌದೆಂದುಬಿಡಬಹುದಿತ್ತು.

"ಮನೆಗೆ ಹೊರಟಿದ್ದೆ, ಪಾಸ್ಟರ್. ಸಿನಿಮಾ ಮುಗೀತು ಅಂತ…"